ಗುಂಡಿನ ಮೇಲೆ ಮೂರು ಗೆರೆ

"ನಿಮ್ಮ ಉಪಕರಣ ಇಳಿಸಿ, ಆ ಜಾಗಕ್ಕೆ ಅಷ್ಟೇ ತೂಕದ ಅಲ್ಯೂಮಿನಿಯಂ ಗಟ್ಟಿ ಕೂರಿಸುತ್ತೇವೆ" ಎಂದು ಕೇರಳದ ಕಡಲತೀರದ ಉಡಾವಣಾ ಕೇಂದ್ರವೊಂದರಲ್ಲಿ ನನಗೆ ಹೇಳಿದರು. ಹೇಳಿದವರು ರಾಕೆಟ್ಟಿನ ತಲೆಭಾಗದಲ್ಲಿ ಯಾರ ಉಪಕರಣ ಎಲ್ಲಿ ಕೂರಬೇಕೆಂದು ನೋಡಿಕೊಳ್ಳುವ ಹಿರಿಯ ಎಂಜಿನಿಯರು. ಒಳ್ಳೆಯ ಮನುಷ್ಯರೇ. ಆದರೂ ಆ ಮಾತು ಕೇಳಿ ಬಂದ ಸಿಟ್ಟು ಇವತ್ತಿಗೂ ನನ್ನಲ್ಲಿ ಪೂರ್ತಿ ಇಳಿದಿಲ್ಲ. ಬೇಡ ಅನ್ನಲಿ, ಆಗುವುದಿಲ್ಲ ಅನ್ನಲಿ, ಹೇಗೋ ನುಂಗಿಕೊಂಡೇನು. ನಮ್ಮ ಇಷ್ಟು ವರ್ಷದ ಕೆಲಸವೂ ಒಂದು ಲೋಹದ ತುಂಡೂ ತಕ್ಕಡಿಯಲ್ಲಿ ಸಮ ಎಂದರೆ ನುಂಗುವುದು ಹೇಗೆ?

ನಾನು ಕೊಪ್ಪದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಹುಟ್ಟಿ ಬೆಳೆದದ್ದು ಬಾಳೆಹೊನ್ನೂರಿನಲ್ಲಿ. ಅಲ್ಲಿ ಬಸ್ಸುಗಳು ನಿಲ್ಲುವ ಕಡೆ ಅಪ್ಪನ ಪಾತ್ರೆ ಅಂಗಡಿ ಇತ್ತು. ಕೊಡ, ಹಂಡೆ, ದೀಪದ ಕಂಬಗಳ ನಡುವೆ ಒಂದು ರೇಡಿಯೋ. ಹಗಲು ಅದರಲ್ಲಿ ಒಂದೆರಡು ಸ್ಟೇಷನ್ ಬಿಟ್ಟರೆ ಬರೀ ಗೊರಗೊರ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ರೇಡಿಯೋದಲ್ಲಿ ಎಲ್ಲೆಲ್ಲಿಯದೋ ಭಾಷೆ, ಎಲ್ಲೆಲ್ಲಿಯದೋ ಹಾಡು ಬಂದುಬಿಡುತ್ತಿತ್ತು. ಯಾಕೆ ಹೀಗೆ ಎಂದು ಅಪ್ಪನ ಪ್ರಾಣ ತಿನ್ನುತ್ತಿದ್ದೆ. "ಸಂಜೆ ಮೇಲೆ ದಾರಿ ಖಾಲಿ ಇರ್ತದೆ ಮಾರಾಯ್ತಿ, ಅದಕ್ಕೇ ದೂರದ್ದೆಲ್ಲ ಬರ್ತದೆ" ಎಂದು ಹೇಳಿ ಅಪ್ಪ ಗಿರಾಕಿಯ ಕಡೆ ತಿರುಗುತ್ತಿದ್ದರು.

ಮುಂದೆ ಓದಿದಾಗ ಗೊತ್ತಾಯಿತು, ಅಪ್ಪ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ನಮ್ಮ ತಲೆಯ ಮೇಲೆ ಬಹಳ ಎತ್ತರದಲ್ಲಿ, ಗಾಳಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ಕಡೆ, ಬಿಸಿಲು ಆ ಗಾಳಿಯ ಕಣಗಳನ್ನು ಒಡೆದು ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಹಾಗೆ ಆದ ಪದರಗಳಲ್ಲಿ ಕೆಳಗಿನದು ಹಗಲು ರೇಡಿಯೋ ಅಲೆಗಳನ್ನು ನುಂಗಿಹಾಕುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಕ್ಕೆ ಹೋಗಿ, ಅಲ್ಲಿಂದ ತಿರುಗಿ, ದೂರದ ನೆಲಕ್ಕೆ ಇಳಿಯುತ್ತವೆ. ಅಂದರೆ ದಾರಿ ನಿಜಕ್ಕೂ ಖಾಲಿಯಾಗುತ್ತದೆ. ಇದನ್ನು ಹೇಳೋಣವೆಂದು ಬಾಳೆಹೊನ್ನೂರಿಗೆ ಹೋದರೆ ಅಪ್ಪ, "ನಾನು ಅವತ್ತೇ ಹೇಳ್ಲಿಲ್ವಾ?" ಎಂದರು.

ಆ ಎತ್ತರದ್ದು ಒಂದು ವಿಚಿತ್ರ ತೊಂದರೆ. ಬಲೂನು ಅಲ್ಲಿಗೆ ಏರಲಾರದು. ಉಪಗ್ರಹ ಅಷ್ಟು ಕೆಳಗೆ ಸುತ್ತಲಾರದು. ಅಲ್ಲಿರುವ ಚೂರುಪಾರು ಗಾಳಿಯೇ ಅದನ್ನು ಎಳೆದು ಸುಟ್ಟುಬಿಡುತ್ತದೆ. ಅಲ್ಲಿಗೇ ಹೋಗಿ ಮುಟ್ಟಿ ನೋಡಬೇಕೆಂದರೆ ಇರುವುದು ಒಂದೇ ಉಪಾಯ, ಸೌಂಡಿಂಗ್ ರಾಕೆಟ್. ಈ ಸೌಂಡಿಂಗಿಗೂ ಸದ್ದಿಗೂ ಸಂಬಂಧವಿಲ್ಲ. ಹಿಂದೆ ಹಡಗಿನವರು ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ನೀರಿನ ಆಳ ನೋಡುತ್ತಿದ್ದರಂತೆ, ಆ ಕೆಲಸದ ಹೆಸರು ಇದಕ್ಕೂ ಬಂದಿದೆ. ಚಂದ್ರನಿಗೆ ಹೋಗುವ ರಾಕೆಟ್ಟಿನ ಮುಂದೆ ಇದು ಚಿಕ್ಕದು, ಬಡಪಾಯಿ. ಮೇಲೇರಿ, ಆ ಎತ್ತರದಲ್ಲಿ ಕೆಲವೇ ನಿಮಿಷ ಇದ್ದು, ಸಮುದ್ರಕ್ಕೆ ಬೀಳುತ್ತದೆ. ಅಷ್ಟರಲ್ಲಿ ಅಳೆದದ್ದನ್ನೆಲ್ಲ ರೇಡಿಯೋದಲ್ಲಿ ಕೆಳಗೆ ಹೇಳಿಬಿಡಬೇಕು. ಉಪಕರಣ ವಾಪಸು ಬರುವ ಮಾತಿಲ್ಲ.

ಅಂಥ ಒಂದು ರಾಕೆಟ್ಟಿನಲ್ಲಿ ಕಾಲೇಜುಗಳಿಗೂ ಸ್ವಲ್ಪ ಜಾಗ ಕೊಡುತ್ತಾರೆ ಎಂದು ತಿಳಿದ ದಿನವೇ ನಾನು ಅರ್ಜಿ ಹಾಕಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, "ನಮ್ಮ ಪ್ರಯೋಗಾಲಯದ ನಲ್ಲೀಲಿ ನೀರು ಬರೋದಿಲ್ಲ, ಇವರು ರಾಕೆಟ್ಟಿಗೆ ಹೊರಟ್ರು" ಎಂದರು. ನಲ್ಲಿಯ ವಿಷಯ ನಿಜವೇ. ಆದರೆ ನನ್ನನ್ನು ನೋಡಿ ಯಾರಾದರೂ ನಕ್ಕರೆ ಆ ಕೆಲಸ ಮುಗಿಸುವವರೆಗೆ ನನಗೆ ಊಟ ರುಚಿಸುವುದಿಲ್ಲ. ಒಮ್ಮೆ ತಿರಸ್ಕಾರವಾಯಿತು, ಮತ್ತೆ ಹಾಕಿದೆ. ಮತ್ತೆ ತಿರಸ್ಕಾರವಾಯಿತು. ಕಾರಣ ಕೇಳಿ ಬರೆದೆ, ಅವರು ಹೇಳಿದ ಕೊರತೆ ತುಂಬಿ ಮತ್ತೆ ಹಾಕಿದೆ. ಈ ಹೆಂಗಸಿಗೆ ಹೂಂ ಅನ್ನದೆ ಬೇರೆ ದಾರಿಯಿಲ್ಲ ಎಂದು ಅವರಿಗೆ ಅನ್ನಿಸಿತೋ ಏನೋ, ಕೊನೆಗೆ ಆಯ್ಕೆಯಾಯಿತು.

ಉಪಕರಣ ದೊಡ್ಡದೇನಲ್ಲ. ಕೈಯಷ್ಟುದ್ದದ ಸರಳು, ಅದರ ತುದಿಗೆ ಬೆಟ್ಟದ ನೆಲ್ಲಿಕಾಯಿ ಗಾತ್ರದ ಲೋಹದ ಗುಂಡು. ರಾಕೆಟ್ಟಿನ ಮೂತಿ ಕಳಚಿದ ಮೇಲೆ ಈ ಗುಂಡು ಹೊರಗೆ ಚಾಚಿಕೊಳ್ಳುತ್ತದೆ. ಅದಕ್ಕೆ ಕೊಡುವ ವೋಲ್ಟೇಜನ್ನು ಮೆಲ್ಲಗೆ ಏರಿಸಿ, ಮತ್ತೆ ಮೆಲ್ಲಗೆ ಇಳಿಸುತ್ತೇವೆ. ಸುತ್ತ ಎಲೆಕ್ಟ್ರಾನುಗಳು ಎಷ್ಟಿವೆ ಎನ್ನುವುದು ಗುಂಡಿಗೆ ಬಂದು ಸೇರುವ ಕರೆಂಟಿನಿಂದ ತಿಳಿಯುತ್ತದೆ. ಇದನ್ನು ಕಾಗದದ ಮೇಲೆ ಬರೆದರೆ ಏರುವಾಗ ಒಂದು ಗೆರೆ, ಇಳಿಯುವಾಗ ಒಂದು ಗೆರೆ. ಗುಂಡಿನ ಮೈ ಶುದ್ಧವಾಗಿದ್ದರೆ ಎರಡೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿ ಕಾಣುತ್ತವೆ. ಮೈಮೇಲೆ ಕಣ್ಣಿಗೆ ಕಾಣದಷ್ಟು ಕೊಳೆ ಇದ್ದರೂ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆಯಾಗಿ ಗೆರೆಗಳ ನಡುವೆ ಹೊಟ್ಟೆ ಬಿಡುತ್ತದೆ. ಹಾಗೆ ಹೊಟ್ಟೆ ಬಿಟ್ಟ ಗೆರೆಯಿಂದ ಯಾವ ಲೆಕ್ಕವನ್ನೂ ನಂಬುವ ಹಾಗಿಲ್ಲ.

ಗುಂಡನ್ನು ಬಾಳೆಹೊನ್ನೂರಿನ ಲೇತ್ ಅಂಗಡಿಯಲ್ಲಿ ಹಿತ್ತಾಳೆಯಿಂದ ತಿರುಗಿಸಿಕೊಂಡೆ. ಒಂದು ಕೆಟ್ಟರೆ ಇರಲೆಂದು ಎರಡು. ಕೇಂದ್ರದವರು ಅವನ್ನು ತರಿಸಿಕೊಂಡು ಪರೀಕ್ಷಿಸಿ, ಗೆರೆ ಚೆನ್ನಾಗಿದೆ, ಆದರೆ ಹಿತ್ತಾಳೆ ಮಂಕಾಗುತ್ತದೆ, ಮೇಲೆ ಚಿನ್ನದ ಗಿಲೀಟು ಬೇಕು ಎಂದು ಹೇಳಿ ವಾಪಸು ಕಳಿಸಿದ್ದರು. ನಾನು ಶೃಂಗೇರಿಗೆ ಹೋದೆ. ದೇವಸ್ಥಾನಗಳ ಕಳಶ, ಪ್ರಭಾವಳಿಗಳಿಗೆ ಗಿಲೀಟು ಮಾಡುವವರೊಬ್ಬರು ಅಲ್ಲಿ ನನಗೆ ಗೊತ್ತಿದ್ದರು, ಅಪ್ಪನ ಅಂಗಡಿಗೆ ಬರುತ್ತಿದ್ದವರು.

"ಇದು ಯಾವ ದೇವಸ್ಥಾನದ್ದು ಮೇಡಂ?" ಎಂದರು.

"ದೇವಸ್ಥಾನದ್ದಲ್ಲ, ರಾಕೆಟ್ಟಿಂದು."

"ಒಟ್ಟು ಮೇಲೆ ಹೋಗಿ ಕೂರೋದೇ ಅಲ್ವಾ? ಕಳಶ ಅಂತ್ಲೇ ಮಾಡಿಕೊಡ್ತೆ."

ಬರಿಗೈಯಲ್ಲಿ ಮುಟ್ಟಬೇಡಿ ಎಂದು ನಾನು ಹತ್ತು ಸಲ ಹೇಳಿದ್ದಕ್ಕೆ ಅವರಿಗೆ ಸ್ವಲ್ಪ ಬೇಜಾರಾಯಿತು. "ದೇವರ ಸಾಮಾನನ್ನ ನಾವು ಯಾವತ್ತು ಬರಿಗೈಲಿ ಮುಟ್ಟಿದ್ದು?" ಎಂದರು. ಕೆಲಸ ಮುಗಿಸಿ, ಎರಡೂ ಗುಂಡುಗಳನ್ನು ಕೆಂಪು ರೇಷ್ಮೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಕೇರಳಕ್ಕೆ ಹೊರಡುವ ಹಿಂದಿನ ದಿನ ಅವನ್ನು ಕೊಪ್ಪದ ಮನೆಗೆ ತಂದು, ಮೇಜಿನ ಮೇಲಿಟ್ಟು, ಬಟ್ಟೆಬರೆ ತುಂಬಿಕೊಳ್ಳಲು ಒಳಗೆ ಹೋದೆ.

ಮನೆಯಲ್ಲಿ ನನ್ನ ಜೊತೆ ಅವ್ವ ಇದ್ದಾಳೆ. ಅಪ್ಪ ತೀರಿಕೊಂಡ ಮೇಲೆ ನಾನೇ ಕರೆದುಕೊಂಡು ಬಂದೆ ಎಂದು ನಾನು ಹೇಳುತ್ತೇನೆ. ನಿನಗೆ ಅಡಿಗೆ ಬರುವುದಿಲ್ಲವೆಂದು ತಾನೇ ಬಂದೆ ಎಂದು ಅವಳು ಹೇಳುತ್ತಾಳೆ. ಶಿವಪೂಜೆ ಮಾಡದೆ ಬಾಯಿಗೆ ನೀರು ಹಾಕುವವಳಲ್ಲ. ಮನೆಗೆ ಹೊಸದಾಗಿ ಏನೇ ಬರಲಿ, ಅದಕ್ಕೆ ವಿಭೂತಿಯ ಮೂರು ಗೆರೆ ಬೀಳಲೇಬೇಕು. ಮಿಕ್ಸಿಗೆ, ಫ್ರಿಜ್ಜಿಗೆ, ನನ್ನ ಸ್ಕೂಟರಿಗೆ, ಲ್ಯಾಪ್‌ಟಾಪಿಗೆ ಎಲ್ಲಕ್ಕೂ ಹಚ್ಚಿದ್ದಾಳೆ. ಗ್ಯಾಸಿನವನು ಸಿಲಿಂಡರ್ ಇಳಿಸಿ ಹೋದರೆ ಅದಕ್ಕೂ ಹಚ್ಚುತ್ತಾಳೆ, ಅದು ತಿಂಗಳೊಪ್ಪತ್ತಿನಲ್ಲಿ ವಾಪಸು ಹೋಗುವ ಸಿಲಿಂಡರ್ ಎಂದು ಗೊತ್ತಿದ್ದೂ. ಆ ದಿನ ನಾನು ಒಳಗಿನಿಂದಲೇ, "ಆ ಗಂಟು ಯಾರೂ ಮುಟ್ಟಬಾರದು" ಎಂದು ಕೂಗಿದೆ. ಇಬ್ಬರೇ ಇರುವ ಮನೆಯಲ್ಲಿ ಯಾರೂ ಎಂದರೆ ಯಾರಿಗೆ ಹೇಳಿದ್ದೆಂದು ಬೇರೆ ಬಿಡಿಸಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. "ಹೂಂ, ಆಯ್ತು" ಎಂದು ಅವ್ವ ಅಂದದ್ದೂ ಕೇಳಿಸಿತು.

ಮಾರನೇ ದಿನ ನಾನು, ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಇಬ್ಬರೂ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲು ಹಿಡಿದೆವು. ಆಕೆ ನರಸಿಂಹರಾಜಪುರದವಳು, ನನಗಿಂತ ಚಿಕ್ಕವಳು. ಯಾವುದಕ್ಕೂ ಗಡಿಬಿಡಿ ಮಾಡುವವಳಲ್ಲ. ನಾನು ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರೆ ಆಕೆ ಕಿಟಕಿಯ ಪಕ್ಕ ಸುಖವಾಗಿ ನಿದ್ದೆ ಮಾಡಿದಳು.

ಕೇಂದ್ರದಲ್ಲಿ ಒಂದು ಉಕ್ಕಿನ ಕೊಳವೆಯಂಥ ಕೋಣೆ ಇದೆ. ಗಾಳಿಯನ್ನೆಲ್ಲ ಹೊರಗೆ ಎಳೆದು, ಮೇಲಿನ ಆಕಾಶದಲ್ಲಿ ಇರುವಂಥ ಸ್ಥಿತಿಯನ್ನು ಅದರೊಳಗೆ ಮಾಡುತ್ತಾರೆ. ಗುಂಡನ್ನು ಒಳಗಿಟ್ಟು ವೋಲ್ಟೇಜ್ ಏರಿಸಿದೆವು. ಪರದೆಯ ಮೇಲೆ ಗೆರೆ ಚೆನ್ನಾಗಿ ಏರಿತು. ಇಳಿಸಿದೆವು. ಇಳಿಯುವ ಗೆರೆ ಬೇರೆಯೇ ದಾರಿ ಹಿಡಿಯಿತು. ನಡುವೆ ದೊಡ್ಡ ಹೊಟ್ಟೆ.

ಇನ್ನೊಂದು ಗುಂಡು ಇದೆಯಲ್ಲ ಎಂದು ಅದನ್ನು ಕೂರಿಸಿದೆವು. ಅದೂ ಹಾಗೆಯೇ, ಅಷ್ಟೇ ದೊಡ್ಡ ಹೊಟ್ಟೆ.

ಹಿರಿಯ ಎಂಜಿನಿಯರು ಪರದೆಯನ್ನು ಬಹಳ ಹೊತ್ತು ನೋಡಿದರು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ, ನನಗೆ ಕನ್ನಡದಲ್ಲೇ ನೆನಪಿರುವುದು. "ಬರೀ ಹಿತ್ತಾಳೆ ಇದ್ದಾಗ ಚೆನ್ನಾಗಿತ್ತು. ಗಿಲೀಟು ಆದ ಮೇಲೆ ಎರಡೂ ಕೆಟ್ಟಿವೆ. ಎಲ್ಲಿ ಮಾಡಿಸಿದಿರಿ?"

"ಶೃಂಗೇರಿಯಲ್ಲಿ. ದೇವಸ್ಥಾನದ ಕೆಲಸ ಮಾಡುವವರ ಹತ್ತಿರ."

"ಓ" ಎಂದರು. ಆ ಓ ನನಗೆ ಚುಚ್ಚಿತು. ಅದರಲ್ಲಿ ಒಬ್ಬ ಒಳ್ಳೆಯ ಕೆಲಸಗಾರರ ಹೆಸರು ಅವರ ಬೆನ್ನ ಹಿಂದೆ ಹಾಳಾಗುತ್ತಿತ್ತು. ಅವರ ಕೈಯಲ್ಲಿ ತಪ್ಪಾಗಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು, ಆದರೆ ಮನಸ್ಸು ಹೇಳಿದ್ದನ್ನು ಆ ಕೋಣೆಯಲ್ಲಿ ಯಾರು ಕೇಳುತ್ತಾರೆ? ಅಲ್ಯೂಮಿನಿಯಂ ಗಟ್ಟಿಯ ಮಾತು ಬಂದದ್ದು ಆಗಲೇ. ನಾಳೆ ಮಧ್ಯಾಹ್ನದ ಮೇಲೆ ತಲೆಭಾಗವನ್ನು ತಿರುಗಿಸಿ ತೂಕ ಸರಿದೂಗಿಸುತ್ತಾರೆ, ಆಮೇಲೆ ಯಾವುದನ್ನೂ ಬದಲಿಸುವ ಹಾಗಿಲ್ಲ. ಆ ಹೊತ್ತಿಗೆ ಗೆರೆ ಸರಿಯಾಗದಿದ್ದರೆ ನಮ್ಮ ಜಾಗಕ್ಕೆ ಗಟ್ಟಿ. ಅದನ್ನು ಆಗಲೇ ತಂದು ಮೇಜಿನ ಮೇಲೆ ಇಟ್ಟೂ ಇದ್ದರು. ನುಣ್ಣಗೆ, ಹೊಳೆಯುತ್ತ, ಏನನ್ನೂ ಅಳೆಯದೆ ಕೂತಿತ್ತು.

"ನಾಳೆ ಮಧ್ಯಾಹ್ನದವರೆಗೆ ಹೊತ್ತು ಇದೆಯಲ್ಲ" ಎಂದೆ. "ಇದೆ" ಎಂದರು ಅವರು, ಇದ್ದು ಏನು ಪ್ರಯೋಜನ ಎನ್ನುವ ಹಾಗೆ.

ಗುಂಡನ್ನು ದೊಡ್ಡ ಭೂತಗನ್ನಡಿಯ ಕೆಳಗಿಟ್ಟು, ದೀಪವನ್ನು ಓರೆಯಾಗಿ ಹಿಡಿದು ತಿರುಗಿಸುತ್ತ ಹೋದೆ. ಚಿನ್ನ ನುಣುಪಾಗಿತ್ತು. ಎಲ್ಲೂ ಗುಳ್ಳೆಯಿಲ್ಲ, ಬಿರುಕಿಲ್ಲ. ಒಂದು ಕಡೆ ಮಾತ್ರ, ಬೆಳಕು ಒಂದೇ ಕೋನದಲ್ಲಿ ಬಿದ್ದಾಗ, ತೆಳುವಾದ ಬಿಳಿಚು ಪಟ್ಟೆಗಳು ಕಂಡವು. ಒಂದರ ಪಕ್ಕ ಒಂದು, ಸಮಸಮವಾಗಿ, ಮೂರು.

ಎಂಜಿನಿಯರಿಗೂ ತೋರಿಸಿದೆ. "ಲೇಪ ಒಂದೇ ಸಮ ಕೂತಿಲ್ಲ" ಎಂದರು. ಅವರಿಗೆ ಕಂಡದ್ದು ಪಟ್ಟೆ. ನನಗೆ ಕಂಡದ್ದು ಅವ್ವನ ಬೆರಳು. ವೀರಶೈವ ಮಠದ ಊರಾದ ಬಾಳೆಹೊನ್ನೂರಿನಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಗೆ ಹೊರಡುವ ಮುಂಚೆ ದಿನಾ ಬೆಳಿಗ್ಗೆ ನನ್ನ ಹಣೆಯ ಮೇಲೆ ಬೀಳುತ್ತಿದ್ದ ಗೆರೆಗಳು ಅವು. ಎರಡನೇ ಗುಂಡನ್ನೂ ನೋಡಿದೆ. ಅದರ ಮೇಲೂ ಮೂರು.

ನಗು ಬಂತು. ಹಿಂದೆಯೇ ಅಳು ಬಂತು. ಹೊರಗೆ ಬಂದು ಫೋನು ಮಾಡಿದೆ.

"ಅವ್ವ, ಆ ಗುಂಡುಗಳಿಗೆ ಎಂಥ ಹಚ್ಚಿದೆ ನೀನು?"

"ವಿಭೂತಿ ಕಣೆ. ಮತ್ತೆಂಥ ಹಚ್ತೀನಿ? ಶಾರದಮ್ಮನ ಊರಲ್ಲಿ ಚಿನ್ನ ಹಾಕಿಸ್ಕೊಂಡು ಬಂದದ್ದು, ನಮ್ಮ ಶಿವಂದೂ ಚೂರು ಇರ್ಲಿ ಅಂತ. ರೇಷ್ಮೇಲಿ ಬೇರೆ ಸುತ್ತಿತ್ತು."

"ಮುಟ್ಟಬೇಡ ಅಂತ ಹೇಳಿದ್ನಲ್ಲ."

"ಮುಟ್ಟಬಾರದು ಅಂದಿದ್ದು ಕೇಳ್ತು. ಮಡೀಲಿ ಮುಟ್ಟಿದ್ರೂ ಆಗೋದಿಲ್ಲ ಅಂತ ಯಾರಿಗೆ ಗೊತ್ತು?"

"ಎರಡಕ್ಕೂ ಹಚ್ಚೋದಾ?"

"ಒಂದಕ್ಕೆ ಹಚ್ಚಿ ಇನ್ನೊಂದಕ್ಕೆ ಬಿಡೋದಾ? ಅದು ಎಂಥ ಪಾಪ ಮಾಡಿತ್ತು?"

ನನಗೆ ತಲೆ ಕೆಟ್ಟಿತು. ಇಷ್ಟು ವರ್ಷದ ಕೆಲಸ ಹಾಳಾಯಿತು, ನಿನ್ನ ಭಕ್ತಿಗೆ ಒಂದು ಮಿತಿ ಬೇಡವೇ ಎಂದೆಲ್ಲ ಬೈದೆ. ಅವ್ವ, "ತಡಿ, ನಾ ಹೇಳೋದು ಪೂರ್ತಿ..." ಎನ್ನುತ್ತಿದ್ದಂತೆ ಫೋನು ಕತ್ತರಿಸಿದೆ.

ಒಳಗೆ ಹೋಗಿ ಎಂಜಿನಿಯರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳದೆ ಸುಮ್ಮನೆ ತೊಳೆದುಬಿಡಬಹುದಿತ್ತು, ಆದರೆ ಶೃಂಗೇರಿಯವರ ಮೇಲೆ ಬಂದ ಮಾತು ಅಲ್ಲೇ ಉಳಿಯುತ್ತಿತ್ತು. "ಗಿಲೀಟು ಸರಿಯಾಗಿದೆ. ನಮ್ಮ ತಾಯಿ ಅದರ ಮೇಲೆ ವಿಭೂತಿ ಹಚ್ಚಿದ್ದಾರೆ." ಅವರ ಹಣೆಯ ಮೇಲೆ ಬೆಳಗಿನ ಗಂಧ ಇನ್ನೂ ಒಣಗಿಕೊಂಡು ಇತ್ತು. ಕೈ ತಾನಾಗಿ ಅಲ್ಲಿಗೆ ಹೋಯಿತು. "ನಾವೂ ತೆಂಗಿನಕಾಯಿ ಒಡೆಯುತ್ತೇವೆ. ಆದರೆ ರಾಕೆಟ್ಟಿನ ಮೇಲೆ ಒಡೆಯುವುದಿಲ್ಲ, ಗೇಟಿನ ಹತ್ತಿರ" ಎಂದರು.

ಬೂದಿ ತಾನೇ, ಹೋಗುತ್ತದೆ ಎಂದು ನಾನು, ನಮ್ಮ ಮೇಡಂ ಇಬ್ಬರೂ ಕೂತೆವು. ಶುದ್ಧ ನೀರಿನಲ್ಲಿ ಮುಳುಗಿಸಿ, ನೀರನ್ನೇ ನಡುಗಿಸುವ ತೊಟ್ಟಿಯಲ್ಲಿಟ್ಟು ತೊಳೆದು, ಒಣಗಿಸಿ, ಮಾರನೇ ದಿನ ಬೆಳಿಗ್ಗೆ ಮತ್ತೆ ಕೋಣೆಯೊಳಗೆ ಇಟ್ಟೆವು. ಪಟ್ಟೆಗಳು ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಗೆರೆ ಇನ್ನೂ ಹೊಟ್ಟೆ ಬಿಟ್ಟುಕೊಂಡೇ ಇತ್ತು. ಮೊದಲಿಗಿಂತ ಸಣ್ಣದು, ಅಷ್ಟೇ.

ಈ ಸಲ ಎಂಜಿನಿಯರು ಮೆಲ್ಲಗೆ ಮಾತಾಡಿದರು. ಮೆಲ್ಲಗೆ ಮಾತಾಡಿದ್ದಕ್ಕೇ ನನಗೆ ಹೆಚ್ಚು ಭಯವಾಯಿತು. "ಬೇಸರ ಮಾಡಿಕೊಳ್ಳಬೇಡಿ. ಮುಂದಿನ ಸಲ ಮತ್ತೆ ಅರ್ಜಿ ಹಾಕಿ."

"ಮುಂದಿನ ಸಲ ಜಾಗ ಸಿಗುತ್ತದೆ ಎಂದು ನೀವು ಬರೆದುಕೊಡುತ್ತೀರಾ?" ಎಂದೆ. ಅವರು ಗಟ್ಟಿಯ ಕಡೆ ನೋಡಿದರು. "ಹಾಗಾದರೆ ನಾನು ಇಲ್ಲಿಂದ ಏಳುವುದಿಲ್ಲ. ನೀವು ಮಧ್ಯಾಹ್ನ ಎಂದಿದ್ದೀರಿ. ಇನ್ನೂ ಮಧ್ಯಾಹ್ನ ಆಗಿಲ್ಲ." ಕುರ್ಚಿಯಿಂದ ನಾನು ಏಳಲಿಲ್ಲ.

ಯಾಕೆ ಹೋಗುತ್ತಿಲ್ಲ ಎಂದು ನನಗೆ ತಿಳಿಯುತ್ತಿರಲಿಲ್ಲ. ಬರೀ ಬೂದಿಯಾಗಿದ್ದರೆ ಅಷ್ಟು ತೊಳೆದ ಮೇಲೆ ಉಳಿಯಬಾರದು. ನಿಜಕ್ಕೂ ಗಿಲೀಟಿನದೇ ದೋಷವಿರಬಹುದೇ ಎಂದು ಮೊದಲ ಸಲ ನನಗೂ ಅನುಮಾನ ಬಂತು. ಕೆಲಸದ ಕೋಣೆಯೊಳಗೆ ಫೋನು ತರುವ ಹಾಗಿಲ್ಲ. ನನ್ನ ಫೋನು ಹೊರಗಿನ ಡಬ್ಬದಲ್ಲಿತ್ತು. ನಮ್ಮ ಮೇಡಂ ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಗಾಜಿನ ಗೋಡೆಯ ಆಚೆ ಓಡಿ ಬಂದಳು. ಯಾವತ್ತೂ ಗಡಿಬಿಡಿ ಮಾಡದವಳು ಓಡುವುದನ್ನು ನಾನು ಕಂಡದ್ದು ಅದೊಂದೇ ಸಲ. ಕಿವಿಗೆ ಫೋನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನೆತ್ತಿಯನ್ನು ತಿಕ್ಕಿ ತಿಕ್ಕಿ ತೋರಿಸುತ್ತಿದ್ದಳು. ನನಗೆ ಏನೂ ಅರ್ಥವಾಗದೆ ಹೊರಗೆ ಹೋದೆ.

"ನಿಮ್ಮ ತಾಯಿ" ಎಂದು ಫೋನು ಕೊಟ್ಟಳು.

ಆಮೇಲೆ ತಿಳಿದದ್ದು ಇಷ್ಟು. ನಾನು ಫೋನು ಕತ್ತರಿಸಿದ ಮೇಲೆ ಅವ್ವ ಸಂಜೆಯವರೆಗೆ ನನಗೆ ಮಾಡುತ್ತಲೇ ಇದ್ದಳು. ಸಂಜೆ ನಾನು ಅವಳ ಹೆಸರು ನೋಡಿ, ಸಿಟ್ಟಿನಲ್ಲಿ, ಎತ್ತಲಿಲ್ಲ. ಬೆಳಿಗ್ಗೆ ಎದ್ದವಳೇ ಪೂಜೆ ಮುಗಿಸಿ, ಆಟೋ ಹಿಡಿದು ಕಾಲೇಜಿಗೆ ಹೋಗಿ, ನನ್ನ ಜೊತೆ ಹೋದವರ ನಂಬರ್ ಕೊಡಿ ಎಂದು ಆಫೀಸಿನಲ್ಲಿ ಕೂತುಬಿಟ್ಟಳಂತೆ. ಇನ್ನೊಬ್ಬರ ನಂಬರ್ ಹಾಗೆಲ್ಲ ಕೊಡುವುದಿಲ್ಲ ಎಂದರೆ, "ಕೊಡೋವರೆಗೆ ನಾ ಇಲ್ಲಿಂದ ಏಳೋದಿಲ್ಲ" ಎಂದಳಂತೆ. ಸುಮಾರು ಅದೇ ಹೊತ್ತಿಗೆ, ಅಷ್ಟು ದೂರದಲ್ಲಿ, ನಾನೂ ಅದನ್ನೇ ಹೇಳಿಕೊಂಡು ಕೂತಿದ್ದೆ.

"ಬೈಯೋದಿದ್ರೆ ಆಮೇಲೆ ಬೈ" ಎಂದಳು ಅವ್ವ. "ಮೊದ್ಲು ಪೂರ್ತಿ ಕೇಳು. ವಿಭೂತಿ ಹಚ್ಚಿದ ಮೇಲೆ ನೀ ಬೈತೀಯ ಅಂತ ಸೆರಗಲ್ಲಿ ಒರೆಸ್ದೆ. ಬೆಳ್ಳಗೆ ಕಲೆ ಉಳೀತು. ಅದಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದೆ. ಪಳಪಳ ಅಂತು. ನಿನ್ನೆ ಇದನ್ನ ಹೇಳೋಕೆ ಹೊರಟ್ರೆ ನೀ ಫೋನು ಇಟ್ಬಿಟ್ಟೆ."

"ಎಣ್ಣೆ" ಎಂದೆ ನಾನು.

"ಎರಡಕ್ಕೂ" ಎಂದಳು. ಆ ಸ್ವರದಲ್ಲಿ ತಪ್ಪು ಮುಚ್ಚಿಡುವ ಆಸೆ ಚೂರೂ ಇರಲಿಲ್ಲ.

ನಾವು ಪಾತ್ರೆಯವರು. ಜಿಡ್ಡು ಪಾತ್ರೆ ಬರೀ ನೀರಿಗೆ ಬಿಡುವುದಿಲ್ಲ ಎಂದು ನನಗೆ ಯಾರಾದರೂ ಕಲಿಸಬೇಕೇ? ನಮ್ಮ ಮೇಡಂ ಆಗಲೇ ಲೆಕ್ಕ ಹಾಕಿ ಮುಗಿಸಿದ್ದಳು. ಬೂದಿಯೂ ಎಣ್ಣೆಯೂ ಸೇರಿದರೆ ನೀರಿಗೆ ಬಿಡದ ಅಂಟು ಆಗುತ್ತದೆ; ನಾವು ತೊಳೆದದ್ದೆಲ್ಲ ಬೂದಿಯನ್ನು ತೆಗೆದು ಜಿಡ್ಡನ್ನು ತೆಳ್ಳಗೆ ಸವರಿದ್ದಷ್ಟೇ. ಮೊದಲು ಅಸಿಟೋನು, ಆಮೇಲೆ ಆಲ್ಕೊಹಾಲು, ಕೊನೆಗೆ ಮತ್ತೆ ಶುದ್ಧ ನೀರು. ಅದಾದ ಮೇಲೆ ನಿರ್ವಾತದಲ್ಲೇ ಬಿಸಿ ಮಾಡಿ ಉಳಿದದ್ದನ್ನೂ ಹಾರಿಸಬೇಕು. ಎಂಜಿನಿಯರ ಮುಂದೆ ನಿಂತು ಇದನ್ನು ಹೇಳಿದೆವು. ಅವರು ಗಡಿಯಾರ ನೋಡಿದರು, ನಮ್ಮ ಮುಖ ನೋಡಿದರು. "ನಾವು ಊಟ ಮುಗಿಸಿ ಬರುವವರೆಗೆ ಕೋಣೆ ನಿಮ್ಮದು. ಬಂದ ಮೇಲೆ ಗೆರೆ ಹೇಗಿರುತ್ತದೋ ಹಾಗೆ" ಎಂದು ಹೋದರು.

ನಾವು ಊಟಕ್ಕೆ ಹೋಗಲಿಲ್ಲ. ಕೈಗವಸು ಹಾಕಿಕೊಂಡು ಒಂದು ಗುಂಡನ್ನು ತೊಳೆದೆವು, ಬೇಯಿಸಿದೆವು, ಆರಲು ಬಿಟ್ಟೆವು. ಅವರೆಲ್ಲ ಕೈ ಒರೆಸಿಕೊಳ್ಳುತ್ತ ವಾಪಸು ಬರುವ ಹೊತ್ತಿಗೆ ವೋಲ್ಟೇಜ್ ಏರಿಸಲು ಶುರು ಮಾಡಿದ್ದೆವು. ಗೆರೆ ಏರಿತು. ನಾನು ಇಳಿಸುವ ಬಟನ್ ಮೇಲೆ ಬೆರಳಿಟ್ಟು ಒಮ್ಮೆ ಕಣ್ಣು ಮುಚ್ಚಿಕೊಂಡೆ, ಸುಳ್ಳು ಯಾಕೆ ಹೇಳಲಿ, ಶಿವಾ ಎಂದೆ. ಇಳಿಸಿದೆ. ಇಳಿಯುವ ಗೆರೆ ಏರಿದ ಗೆರೆಯ ಮೇಲೆಯೇ ನಡೆದುಕೊಂಡು ಬಂದು ಹೊರಟಲ್ಲಿಗೆ ಸೇರಿತು.

ಎಂಜಿನಿಯರು ಮತ್ತೆ ಮಾಡಿ ಎಂದರು. ಮಾಡಿದೆವು. ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಒಂದೇ ಗೆರೆ. ಅವರು ತಮ್ಮ ಹುಡುಗರ ಕಡೆ ತಿರುಗಿ, "ಆ ಗಟ್ಟಿ ತೆಗೆದುಕೊಂಡು ಹೋಗಿ ಒಳಗಿಡಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಶೃಂಗೇರಿಯವರಿಗೆ ಹೇಳಿ, ಗಿಲೀಟು ಬಹಳ ಚೆನ್ನಾಗಿದೆ" ಎಂದರು. ಆ ಮಾತಿಗಾಗಿ ಅವರ ಉಳಿದ ಮಾತುಗಳನ್ನು ನಾನು ಮುಕ್ಕಾಲು ಪಾಲು ಕ್ಷಮಿಸಿದ್ದೇನೆ.

ರಾಕೆಟ್ ಹಾರಿದ್ದು ಕೆಲವು ದಿನ ಕಳೆದು, ಬಿಸಿಲು ನೆತ್ತಿಗೆ ಬಂದಾಗ. ಅಲೆ ನುಂಗುವ ಆ ಪದರ ದಟ್ಟವಾಗಿರುವುದು ಆಗಲೇ. ತೆಂಗಿನ ಮರಗಳ ಆಚೆಯಿಂದ ಒಂದು ಸಿಡಿತ ಕೇಳಿಸಿತು, ನೋಡುವಷ್ಟರಲ್ಲಿ ಬಿಳಿಯ ಹೊಗೆಯ ಗೀಟು ಉಳಿದಿತ್ತು. ನಾನು ಆಕಾಶ ನೋಡಲಿಲ್ಲ, ಪರದೆಯ ಮುಂದೆ ಕೂತಿದ್ದೆ. ಮೂತಿ ಕಳಚಿತು, ಗುಂಡು ಚಾಚಿತು, ಗೆರೆಗಳು ಬರತೊಡಗಿದವು. ಏರುವುದು, ಇಳಿಯುವುದು, ಏರುವುದು, ಇಳಿಯುವುದು. ಯಾವುದಕ್ಕೂ ಹೊಟ್ಟೆಯಿಲ್ಲ. ಎತ್ತರ ಹೆಚ್ಚಿದಂತೆ ಎಲೆಕ್ಟ್ರಾನುಗಳು ದಟ್ಟವಾಗುತ್ತ ಹೋದದ್ದು ಕಣ್ಣೆದುರೇ ಕಂಡಿತು. ಅಪ್ಪನ ಅಂಗಡಿಯ ರೇಡಿಯೋದ ಬಾಯಿ ಹಗಲೆಲ್ಲ ಮುಚ್ಚಿಸುತ್ತಿದ್ದ ಆ ಪದರದೊಳಗೆ ಬಾಳೆಹೊನ್ನೂರಿನ ಹಿತ್ತಾಳೆ, ಶೃಂಗೇರಿಯ ಚಿನ್ನ ಹೊಕ್ಕು ಮಾತಾಡುತ್ತಿದ್ದವು. ಕೆಲವು ನಿಮಿಷ. ಆಮೇಲೆ ಗೆರೆಗಳು ನಿಂತವು. ನಮ್ಮ ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು, "ಈಗ್ಲಾದ್ರೂ ಊಟಕ್ಕೆ ಹೋಗಬಹುದಾ?" ಎಂದಳು.

ಕೊಪ್ಪಕ್ಕೆ ಬಂದ ದಿನ ಅವ್ವನಿಗೆ ಆ ಗೆರೆಯ ಕಾಗದ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದಳು. "ಇದು ಒಂದೇ ಗೆರೆ ಇದೆಯಲ್ಲ."

"ಎರಡು. ಒಂದರ ಮೇಲೊಂದು ಕೂತಿವೆ. ಹಾಗೆ ಕೂರ್ಬೇಕು."

"ಹಂಗಾದ್ರೆ ಸರಿಯಾಯ್ತಾ?"

"ಸರಿಯಾಯ್ತು. ನೀನು ಫೋನು ಮಾಡಿದ್ದಕ್ಕೆ ಸರಿಯಾಯ್ತು."

ಆ ಮಾತನ್ನು ಅವಳು ಕೇಳಿಸಿಕೊಳ್ಳದವಳ ಹಾಗೆ ಕಾಗದ ಮಡಚಿದಳು. "ಗುಂಡು ಎಲ್ಲಿ?" ಎಂದಳು.

"ಸಮುದ್ರಕ್ಕೆ ಬಿತ್ತು ಅವ್ವ. ಅದು ವಾಪಸು ಬರೋದಲ್ಲ."

ಅವಳ ಹಿಂದೆ ದೇವರ ಮನೆಯ ಬಾಗಿಲು ತೆರೆದಿತ್ತು. ದೀಪದ ಕಂಬವನ್ನು ಈಚೆ ಸರಿಸಿ, ಆ ಜಾಗದಲ್ಲಿ ಒಂದು ಸಣ್ಣ ಹಿತ್ತಾಳೆ ತಟ್ಟೆ ಇಟ್ಟದ್ದು ನನಗೆ ಕಂಡಿತು. ಅಪ್ಪನ ಅಂಗಡಿಯ ತಟ್ಟೆ, ಹುಣಸೆಹಣ್ಣು ಹಾಕಿ ಬೆಳಗಿದ್ದಳು. ಮೇಲೆ ಹೋಗಿ ಬಂದ ಗುಂಡನ್ನು ಅದರಲ್ಲಿ ಇಡಬೇಕೆಂದು ಕಾದಿದ್ದಾಳೆ. ನಾನು ಬೈದದ್ದೆಲ್ಲ ಒಟ್ಟಿಗೆ ನೆನಪಾಯಿತು.

ಚೀಲದಿಂದ ಕೆಂಪು ರೇಷ್ಮೆಯ ಗಂಟು ತೆಗೆದೆ. ಹಾರದೆ ಉಳಿದ ಎರಡನೇ ಗುಂಡು ಅದರಲ್ಲಿತ್ತು. ಮೇಜಿನ ಮೇಲೆ ಬಿಚ್ಚಿ, "ತಗೊ, ಇದನ್ನ ಇಟ್ಕೊ. ವಿಭೂತಿ ಹಚ್ಚು, ಎಣ್ಣೆ ಹಚ್ಚು, ಏನು ಬೇಕಾದ್ರೂ ಹಚ್ಚು" ಎಂದೆ.

ಅವ್ವ ಹತ್ತಿರ ಬಂದು ಬಗ್ಗಿ ನೋಡಿದಳು. ನೋಡುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಇದು ಹಾರೋದಕ್ಕೆ ಆಗ್ತದಾ?" ಎಂದಳು.

"ತೊಳೆದ್ರೆ ಆಗ್ತದೆ. ಆದ್ರೆ ಮತ್ತೆ ಜಾಗ ಸಿಗ್ಬೇಕಲ್ಲ. ಅರ್ಜಿ ಹಾಕ್ಬೇಕು, ಅವರು ಬೇಡ ಅಂತಾರೆ, ಮತ್ತೆ ಹಾಕ್ಬೇಕು."

"ಹಾಕು."

"ಅಲ್ಲ ಅವ್ವ, ನೀನು ತಟ್ಟೆ ಎಲ್ಲ ಬೆಳಗಿ ಇಟ್ಟಿದ್ದೀಯ..."

ಅವಳು ದೇವರ ಮನೆಗೆ ಹೋಗಿ ತಟ್ಟೆಯನ್ನು ತೆಗೆದು, ದೀಪದ ಕಂಬವನ್ನು ಹಿಂದಿದ್ದ ಜಾಗಕ್ಕೇ ಸರಿಸಿದಳು. ತಟ್ಟೆ ಒರೆಸಿಕೊಂಡು ಅಡಿಗೆಮನೆ ಕಡೆ ಹೋಗುತ್ತ, ತಿರುಗಿ ನೋಡದೆ ಹೇಳಿದಳು:

"ದೇವರ ಮನೇಲಿ ಕೂತು ಅದು ಎಂಥ ಮಾಡ್ತದೆ ಮಾರಾಯ್ತಿ? ಮೇಲೆ ಕಳ್ಸು."